ಬೊಕ್ಕಸದ ಮಿತಿ, ಹಂಚಿಕೆಯ ಅಳತೆಗೋಲು

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಒಬ್ಬನ ಸಂಸಾರಕ್ಕೆ ಸಾಲಬಹುದಾದರೂ ಸರಕಾರದ ಬೊಕ್ಕಸಕ್ಕೆ ಸಾಲದು. ಅಲ್ಲಿ ಒಂದೇ ಹಾಸಿಗೆಯ ಮೇಲೆ ಬಹುಮಂದಿ ಮಲಗತಕ್ಕವರಾದುದರಿಂದ, ಎಷ್ಟು ಚಾಚಬೇಕೆಂಬುದಕ್ಕಿಂತ ಯಾರು ಮೊದಲು ಚಾಚಬೇಕೆಂಬುದೇ ಕಠಿನವಾದ ಪ್ರಶ್ನೆ. ಯುದ್ಧನೌಕೆಗಾಗಲಿ ಬಡವರ ಪೋಷಣೆಗಾಗಲಿ ವ್ಯಯಿಸಿದ ಕಟ್ಟಕಡೆಯ ನಾಣ್ಯವು ಸಮಾಜಕ್ಕೆ ಸಮಾನವಾದ ಹಿತವನ್ನು ತರುವಂತೆ ಹಂಚಿಕೆಯಿರಬೇಕೆಂದು ಅರ್ಥಶಾಸ್ತ್ರಜ್ಞ ಪಿಗೂ ವಿಧಿಸಿದನು. ಸೂತ್ರವೇನೋ ನಿರ್ದುಷ್ಟವಾದುದು, ಆದರೆ ಹಿತವನ್ನು ಅಳೆಯುವ ಕೋಲು ಯಾವುದು?

ಕಲಬುರಗಿಯು ಈ ಪ್ರಶ್ನೆಗೆ ಪ್ರತ್ಯಕ್ಷ ನಿದರ್ಶನ. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿದ 371(ಜೆ) ವಿಧಿಯು ಕಲಬುರಗಿಯನ್ನೊಳಗೊಂಡ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ನ್ಯಾಯೋಚಿತ ಅನುದಾನವನ್ನೂ ಕಲ್ಪಿಸಿತು. ಆದರೆ ಆ ಅನುದಾನವು ಸಮಗ್ರ ರಾಜ್ಯದ ಅಗತ್ಯಗಳಿಗೆ ಒಳಪಟ್ಟಿರತಕ್ಕದ್ದೆಂದು ಅದೇ ವಿಧಿಯು ಹೇಳಿ, ಹಕ್ಕಿನ ಜೊತೆಯಲ್ಲಿಯೇ ಮಿತಿಯನ್ನೂ ಬರೆದಿಟ್ಟಿತು. ಕಲಬುರಗಿಯಲ್ಲಿ ಕೇಂದ್ರಕಚೇರಿಯುಳ್ಳ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಆಯವ್ಯಯದಲ್ಲಿ ಘೋಷಿತವಾದ ಮೊತ್ತ 5,000 ಕೋಟಿ ರೂಪಾಯಿ. ಮೊತ್ತವು ದೊಡ್ಡದೇ ಆದರೂ, ಬೇಡಿಕೆಗಳ ಪಟ್ಟಿ ಅದಕ್ಕಿಂತ ದೊಡ್ಡದು.

ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆಯೆಂಬುದಕ್ಕೆ ಬಹುಕಾಲ ಪ್ರಮಾಣವಾಗಿದ್ದುದು ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದ ಆ ಸಮಿತಿಯು 114ನ್ನು ಹಿಂದುಳಿದವೆಂದು ಗುರುತಿಸಿ, ಕೃಪೆಯಿಂದ ನಡೆಯುತ್ತಿದ್ದ ಹಂಚಿಕೆಗೆ ಲೆಕ್ಕದ ಶಿಸ್ತನ್ನು ತಂದುಕೊಟ್ಟಿತು. ಆದರೆ ಸರಾಸರಿಯೆಂಬುದು ತೋರಿಸುವಷ್ಟನ್ನೇ ಮರೆಮಾಚಲೂ ಬಲ್ಲುದು. ಉದಾಹರಣೆಗೆ, ಕಮಲಾಪುರವು ಆಗ ಗುಲ್ಬರ್ಗಾ (ಇಂದಿನ ಕಲಬುರಗಿ) ತಾಲ್ಲೂಕಿನೊಳಗಿನ ಹೋಬಳಿ. ಹತ್ತು ಸಾವಿರ ಜನಕ್ಕೆ ಸರಕಾರಿ ಆಸ್ಪತ್ರೆಯ ಹಾಸಿಗೆಗಳೆಷ್ಟು, ವೈದ್ಯರೆಷ್ಟು ಎಂದು ಎಣಿಸುವಾಗ, ನಗರದ ದೊಡ್ಡಾಸ್ಪತ್ರೆಯಲ್ಲಿನ ಹಾಸಿಗೆಗಳ ಒಂದಂಶವು ಹುಮನಾಬಾದಿನ ಹಾದಿಯ ಹಳ್ಳಿಗಳ ಪಾಲಿಗೂ ಕಾಗದದ ಮೇಲೆ ಸಲ್ಲುತ್ತಿತ್ತು. ರಾತ್ರಿಯಲ್ಲಿ ಹೆರಿಗೆನೋವು ಬಂದ ಹೆಂಗಸಿಗೆ ಆ ಅಂಶದಿಂದ ಏನೂ ಸಲ್ಲುತ್ತಿರಲಿಲ್ಲ. 2018ರಲ್ಲಿ ಕಮಲಾಪುರವು ಸ್ವತಂತ್ರ ತಾಲ್ಲೂಕಾದಾಗ ಎಲ್ಲೆ ಬದಲಾಯಿತು. ಹಳೆಯ ಅಂಕಿಗಳು ತಾವಾಗಿ ಬದಲಾಗಲಿಲ್ಲ.

ಹಾಗೆಂದು ನಗರಕ್ಕೆ ವೆಚ್ಚಮಾಡುವುದು ಅನ್ಯಾಯವೆನ್ನಲಾಗದು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಉದ್ಘಾಟಿತವಾದ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳನ್ನು ಹೋಬಳಿಗೊಂದರಂತೆ ಹರಿದು ಹಂಚಿದರೆ ಒಂದು ಹೃದಯವೂ ಉಳಿಯದು. ಅಂಥ ಸೇವೆ ಒಂದೆಡೆ ಕೂಡಿದ್ದರೇ ಫಲಪ್ರದ. ಶಾಲಾಕೊಠಡಿ, ಕುಡಿಯುವ ನೀರು, ಪ್ರಾಥಮಿಕ ಚಿಕಿತ್ಸೆಗಳಾದರೋ ಮನೆಬಾಗಿಲಿಗೆ ಹತ್ತಿರವಿದ್ದಷ್ಟೂ ಹಿತಕರ. ಕಾಲದ ಮಿತಿಯೂ ಉಂಟು: ಕಮಲಾಪುರದ ಹೆಸರಾಂತ ಕೆಂಪು ಬಾಳೆ ಗೊನೆಗೆ ಬರಲು ಸುಮಾರು ಒಂದೂವರೆ ವರ್ಷ ಹಿಡಿದರೆ, ಆಯವ್ಯಯದ ವರ್ಷ ಮಾರ್ಚ್ 31ಕ್ಕೇ ಮುಗಿಯುತ್ತದೆ, ಆ ದಿನಕ್ಕೆ ಹೆದರಿ ಆಯ್ದ ಕಾಮಗಾರಿಯು ಬೇಗ ಮುಗಿಯುವುದಾಗಿರುತ್ತದೆಯೇ ಹೊರತು ಹೆಚ್ಚು ಬೇಕಾದುದಾಗಿರಬೇಕೆಂದಿಲ್ಲ.

ಪ್ರಾದೇಶಿಕ ಅಸಮತೋಲನವನ್ನು ಮರಳಿ ಅಳೆಯಲು ಸರಕಾರವು 2024ರಲ್ಲಿ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದ್ದು, ಹಳೆಯ ಅಳತೆಯು ಇಂದಿನ ಎಲ್ಲೆಗಳಿಗೆ ಹೊಂದದ ಕಾರಣದಿಂದ, ಉಚಿತವೇ ಆಯಿತು. ಹಣವನ್ನು ಹೆಚ್ಚಿಸುವುದು ಸದಾ ಸರಕಾರದ ಕೈಯಲ್ಲಿಲ್ಲ. ಅಳತೆಯನ್ನು ತಿದ್ದಿಕೊಳ್ಳುವುದು ಸದಾ ಅದರ ಕೈಯಲ್ಲಿಯೇ ಇದೆ.