ಹೊಸ ಗ್ರಾಹಕನಿಗೆ ರಿಯಾಯಿತಿ; ಹಳೆಯ ಗ್ರಾಹಕನಿಗೆ ಏನು?

ಬ್ಯಾಂಕುಗಳ ನಡುವಿನ ಪೈಪೋಟಿಯು ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ಪೇಟೆಗಳನ್ನೂ ತಲುಪಿದೆ. ಮೊದಲ ವರ್ಷ ಬಡ್ಡಿಯಲ್ಲಿ ರಿಯಾಯಿತಿ, ಪ್ರೊಸೆಸಿಂಗ್ ಶುಲ್ಕದಲ್ಲಿ ವಿನಾಯಿತಿ, ಕಾರ್ಡ್ ಬಳಕೆಗೆ ಕ್ಯಾಶ್‌ಬ್ಯಾಕ್ ಮುಂತಾದ ಆಹ್ವಾನಗಳು ವರ್ತಕರ ಅಂಗಡಿಗೇ ಬರುತ್ತಿವೆ. ಇವುಗಳಲ್ಲಿ ಬಹುಪಾಲು ಹೊಸ ಗ್ರಾಹಕರಿಗೆ ಮಾತ್ರ ಅನ್ವಯಿಸುವಂಥವು. ಹಲವು ವರ್ಷಗಳಿಂದ ಒಂದೇ ಶಾಖೆಯಲ್ಲಿ ಕಪ್ಪುಚುಕ್ಕೆ ಇಲ್ಲದಂತೆ ವ್ಯವಹರಿಸಿದ ವರ್ತಕನಿಗೆ ದೊರೆಯುವುದೇನು ಎಂಬುದು ಪ್ರಸ್ತುತ ಲೇಖನದ ವಿಷಯ.

ಹಿಂದಿನ ಅನುಭವ

ಭಾರತೀಯ ಸ್ಟೇಟ್ ಬ್ಯಾಂಕ್ 2009ರಲ್ಲಿ ಮೊದಲ ವರ್ಷಕ್ಕೆ ಶೇ. 8ರ ಬಡ್ಡಿಯ ಗೃಹಸಾಲ ಯೋಜನೆಯನ್ನು ಪ್ರಕಟಿಸಿತು. ಆರಂಭಿಕ ದರ ಮುಗಿದ ನಂತರ ಕಂತು ಏರಿದಾಗ ಸಾಲಗಾರನು ಅದನ್ನು ಭರಿಸಬಲ್ಲನೇ ಎಂಬ ಶಂಕೆಯಿಂದ ರಿಸರ್ವ್ ಬ್ಯಾಂಕ್ 2010ರ ನವೆಂಬರ್‌ನಲ್ಲಿ ಇಂತಹ ಸಾಲಗಳಿಗೆ ಬ್ಯಾಂಕುಗಳು ಕಾದಿರಿಸಬೇಕಾದ ಮೊತ್ತವನ್ನು ಶೇ. 0.40ರಿಂದ ಶೇ. 2ಕ್ಕೆ ಏರಿಸಿತು.

ಹಳೆಯ ಸಾಲಗಾರರ ಸಮಸ್ಯೆ ಬೇರೆ ಬಗೆಯದು. 2010ರ ಜುಲೈನಲ್ಲಿ ಮೂಲದರ, 2016ರ ಏಪ್ರಿಲ್‌ನಲ್ಲಿ ಎಂ.ಸಿ.ಎಲ್.ಆರ್., 2019ರ ಅಕ್ಟೋಬರ್‌ನಲ್ಲಿ ರೆಪೊದಂತಹ ಬಾಹ್ಯ ಮಾನದಂಡ ಜಾರಿಗೆ ಬಂದವು. ಪ್ರತಿ ಬಾರಿಯೂ ಹೊಸ ಸಾಲಕ್ಕೆ ಹೊಸ ಪದ್ಧತಿ ಅನ್ವಯಿಸಿತು; ಹಳೆಯ ಸಾಲವು ಸಾಲಗಾರನು ಕೋರುವವರೆಗೂ ಹಳೆಯ ಪದ್ಧತಿಯಲ್ಲೇ ಉಳಿಯಿತು. ರೆಪೊ ದರ ಇಳಿದಾಗ ಅದರ ಲಾಭ ಇಂತಹವರಿಗೆ ತಡವಾಗಿ ಅಥವಾ ಅಲ್ಪವಾಗಿ ತಲುಪಿತು. ಕೇಳದೆ ಸುಮ್ಮನಿದ್ದವನೇ ಹೆಚ್ಚು ಬಡ್ಡಿ ತೆತ್ತನು.

ಬ್ಯಾಡಗಿ ವರ್ತಕನ ಲೆಕ್ಕ

ಉದಾಹರಣೆಗೆ, ಮೆಣಸಿನಕಾಯಿ ವರ್ತಕನೊಬ್ಬನಿಗೆ ₹50 ಲಕ್ಷದ ಸಿ.ಸಿ. ಮಿತಿ ಇದೆಯೆಂದು ಭಾವಿಸೋಣ. ಹಂಗಾಮಿನ ನಾಲ್ಕು ತಿಂಗಳು ₹40 ಲಕ್ಷ, ಉಳಿದ ಎಂಟು ತಿಂಗಳು ₹10 ಲಕ್ಷ ಬಳಕೆಯಾದರೆ ವಾರ್ಷಿಕ ಸರಾಸರಿ ₹20 ಲಕ್ಷ. ಹೊಸ ಬ್ಯಾಂಕು ಅರ್ಧ ಪರ್ಸೆಂಟ್ ಕಡಿಮೆ ಬಡ್ಡಿ ಕೊಟ್ಟರೆ ವರ್ಷದ ಉಳಿತಾಯ ₹10,000 ಮಾತ್ರ. ಏಕೆಂದರೆ ಬಡ್ಡಿಯು ಮಿತಿಯ ಮೇಲಲ್ಲ, ಬಳಕೆಯ ಮೇಲೆ.

ವೆಚ್ಚದ ಕಡೆ ನೋಡಿದರೆ, ಪ್ರೊಸೆಸಿಂಗ್ ಶುಲ್ಕವು ಪೂರ್ಣ ಮಿತಿಯ ಮೇಲೆ. ಅದು ಶೇ. 0.50 ಇದ್ದರೆ ₹25,000. ವಕೀಲರ ಅಭಿಪ್ರಾಯ, ಆಸ್ತಿ ಮೌಲ್ಯಮಾಪನ ಹಾಗೂ ಅಡಮಾನದ ಖರ್ಚನ್ನು ₹30,000 ಎಂದು ಹಿಡಿದರೆ ಒಟ್ಟು ₹55,000, ಜಿ.ಎಸ್.ಟಿ. ಪ್ರತ್ಯೇಕ. ಇದನ್ನು ತುಂಬಿಕೊಳ್ಳಲು ಐದೂವರೆ ವರ್ಷ ಬೇಕು. ರಿಯಾಯಿತಿಯೋ ಒಂದೇ ವರ್ಷದ್ದು!

ಶೀತಲಗೃಹ ಅಥವಾ ಜಿನ್ನಿಂಗ್ ಘಟಕದ ಅವಧಿ ಸಾಲದಲ್ಲಿ ಪೂರ್ಣ ಬಾಕಿಯ ಮೇಲೆ ಬಡ್ಡಿ ಬೀಳುತ್ತದೆ. ₹80 ಲಕ್ಷ ಬಾಕಿಗೆ ಅರ್ಧ ಪರ್ಸೆಂಟ್ ಎಂದರೆ ಮೊದಲ ವರ್ಷವೇ ಸುಮಾರು ₹40,000. ಅಲ್ಲಿ ಬ್ಯಾಂಕು ಬದಲಿಸುವುದು ಲಾಭದಾಯಕ ಆಗಬಹುದು.

ಕ್ಯಾಶ್‌ಬ್ಯಾಕ್‌ನ ಮಿತಿ

ಕಾರ್ಡಿನಲ್ಲಿ ₹1 ಲಕ್ಷ ಖರ್ಚಿಗೆ ಶೇ. 1ರ ಕ್ಯಾಶ್‌ಬ್ಯಾಕ್ ₹1,000. ಬಾಕಿಯನ್ನು ಗಡುವಿನೊಳಗೆ ಕಟ್ಟದಿದ್ದಲ್ಲಿ, ತಿಂಗಳಿಗೆ ಶೇ. 3.5ರ ದರದಂತೆ ಒಂದೇ ತಿಂಗಳ ಬಡ್ಡಿ ₹3,500. ಪೂರ್ಣ ಬಾಕಿಯನ್ನು ತಪ್ಪದೆ ತೀರಿಸುವವನಿಗೆ ಮಾತ್ರ ಇದು ನಿಜವಾದ ಲಾಭ.

ನಿಷ್ಠೆಯ ಬೆಲೆ

ಹಳೆಯ ಸಂಬಂಧದ ನೈಜ ಪ್ರತಿಫಲ ಕಂಡುಬರುವುದು ಸುಗ್ಗಿಯ ಕಾಲದಲ್ಲಿ. ಆವಕ ಏಕಾಏಕಿ ಹೆಚ್ಚಿದಾಗ ತಾತ್ಕಾಲಿಕ ಹೆಚ್ಚುವರಿ ಮಿತಿ ಬೇಗ ದೊರೆಯುವುದು ಖಾತೆಯ ಪೂರ್ವಚರಿತ್ರೆ ಬಲ್ಲ ಶಾಖೆಯಲ್ಲಿಯೇ. ಆದರೆ ಈ ನಂಬಿಕೆ ವ್ಯವಸ್ಥಾಪಕರ ನೆನಪಿನಲ್ಲಿದ್ದರೆ ಸಾಲದು, ಅವರು ವರ್ಗವಾಗುತ್ತಾರೆ. ಬ್ಯಾಂಕುಗಳೇ ಬದಲಾಗುತ್ತವೆ: ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಆದ್ದರಿಂದ ನಿಷ್ಠೆಗೆ ದಾಖಲೆಯ ಬೆಂಬಲ ಅವಶ್ಯ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ನಿಮ್ಮ ಸಾಲ ಯಾವ ಮಾನದಂಡಕ್ಕೆ ಜೋಡಣೆಯಾಗಿದೆ, ಅದರ ಮೇಲಿನ ಹೆಚ್ಚುವರಿ ದರ ಎಷ್ಟು ಎಂಬುದನ್ನು ಮಂಜೂರಾತಿ ಪತ್ರದಲ್ಲಿ ನೋಡಿರಿ.

2. ಬಾಹ್ಯ ಮಾನದಂಡದ ಸಾಲಗಳಲ್ಲಿ ಈ ಹೆಚ್ಚುವರಿ ದರದ ಕೆಲವು ಘಟಕಗಳನ್ನು ಮೂರು ವರ್ಷಕ್ಕೆ ಮುನ್ನವೇ ಇಳಿಸಲು 2025ರ ಅಕ್ಟೋಬರ್ 1ರಿಂದ ಬ್ಯಾಂಕುಗಳಿಗೆ ಅವಕಾಶವಿದೆ. ಅದು ಕಡ್ಡಾಯವಲ್ಲ, ಲಿಖಿತವಾಗಿ ಕೋರಬೇಕು.

3. ಬದಲಾಗುವ ಬಡ್ಡಿಯ ವ್ಯಾಪಾರ ಸಾಲವು 2026ರ ಜನವರಿ 1ರಂದು ಅಥವಾ ನಂತರ ಮಂಜೂರಾಗಿದ್ದರೆ ಇಲ್ಲವೇ ನವೀಕರಣಗೊಂಡಿದ್ದರೆ, ವ್ಯಕ್ತಿಗಳಿಂದ ಹಾಗೂ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ವಾಣಿಜ್ಯ ಬ್ಯಾಂಕುಗಳು ಅವಧಿಪೂರ್ವ ಮರುಪಾವತಿ ಶುಲ್ಕ ಪಡೆಯುವಂತಿಲ್ಲ. ಗ್ರಾಮೀಣ ಬ್ಯಾಂಕುಗಳಿಗೆ ಈ ನಿಯಮ ₹50 ಲಕ್ಷದವರೆಗಿನ ಸಾಲಕ್ಕೆ ಸೀಮಿತ. ಸಿ.ಸಿ. ಖಾತೆಯಾದರೆ, ನವೀಕರಿಸುವುದಿಲ್ಲವೆಂದು ಕರಾರಿನ ಅವಧಿಯೊಳಗೆ ತಿಳಿಸಿ, ನಿಗದಿತ ದಿನದಂದು ಮುಕ್ತಾಯಗೊಳಿಸಬೇಕು.

4. ಬೇರೆ ಬ್ಯಾಂಕಿನ ಲಿಖಿತ ದರಪತ್ರ, ಮೂರು ವರ್ಷಗಳ ವಹಿವಾಟಿನ ವಿವರದೊಂದಿಗೆ ಮೊದಲು ನಿಮ್ಮ ಶಾಖೆಯನ್ನೇ ಸಂಪರ್ಕಿಸಿರಿ.

ಹಂಗಾಮಿನ ಮಧ್ಯದಲ್ಲಿ ಬ್ಯಾಂಕು ಬದಲಿಸುವುದು ಸೂಕ್ತವಲ್ಲ. ನವೀಕರಣಕ್ಕೆ ಮೂರು ತಿಂಗಳು ಮುಂಚೆಯೇ ಲೆಕ್ಕ ಹಾಕಿ, ಮಾತುಕತೆ ಆರಂಭಿಸುವುದು ಲೇಸು.