ಚರ್ಚಿನ ಕಿಟಕಿಯ ಕೆಂಪು ಮತ್ತು ನೀಲಿ

ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳನ್ನು ಅನಕ್ಷರಸ್ಥರ ಬೈಬಲ್ ಎಂದು ವರ್ಣಿಸುವುದು ವಾಡಿಕೆ. ಓದಲು ಬಾರದವರು ಚಿತ್ರ ನೋಡಿ ಕಲಿಯಬಲ್ಲರೆಂದು ಕ್ರಿ.ಶ. 600ರ ಸುಮಾರಿಗೆ ಪೋಪ್ ಒಂದನೆಯ ಗ್ರೆಗರಿ ಬರೆದ ಪತ್ರ ಇದಕ್ಕೆ ಆಧಾರವಾಗಿದೆ. ಆದರೆ ಆಳೆತ್ತರದಿಂದ ಬಹು ಮೇಲಕ್ಕೆ ಏರುವ ಚಿಕ್ಕ ಚಿಕ್ಕ ಚೌಕಟ್ಟುಗಳ ಕಥನವನ್ನು, ಕಥೆ ಮೊದಲೇ ತಿಳಿಯದಿದ್ದವರು ನೆಲದ ಮೇಲೆ ನಿಂತು ಬಿಡಿಸಿಕೊಳ್ಳುವುದು ಸುಲಭವಲ್ಲವಾದ್ದರಿಂದ, ಈ ಕಿಟಕಿಗಳ ಧಾರ್ಮಿಕ ಉದ್ದೇಶವನ್ನು ಚಿತ್ರದಷ್ಟೇ ಬೆಳಕಿನಲ್ಲೂ ಹುಡುಕಬೇಕಾಗುತ್ತದೆ. ಪ್ಯಾರಿಸ್ ಬಳಿಯ ಸಾಂ ದನಿ ಮಠದ ಅಧಿಪತಿ ಸುಜೇರ್, ಕಣ್ಣಿಗೆ ಕಾಣುವ ಬೆಳಕು ಮನಸ್ಸನ್ನು ದೈವೀ ಬೆಳಕಿನತ್ತ ಏರಿಸುತ್ತದೆಂದು ನಂಬಿದ್ದನು. 1144ರಲ್ಲಿ ಪ್ರತಿಷ್ಠಾಪನೆಗೊಂಡ ಅವನ ಚರ್ಚಿನ ಪೂರ್ವಭಾಗದಲ್ಲಿ ಬಲಿಪೀಠದ ಸುತ್ತ ಗೋಡೆಯ ಬಹುಪಾಲನ್ನು ಗಾಜೇ ಆಕ್ರಮಿಸಿತು.

ಆ ಗಾಜನ್ನು ಮಾಡುವ ಬಗೆಯನ್ನು ಥಿಯೋಫಿಲಸ್ ಎಂಬ ಹೆಸರಿನಲ್ಲಿ ಬರೆದ 12ನೆಯ ಶತಮಾನದ ಸನ್ಯಾಸಿಯೊಬ್ಬ ವಿವರಿಸಿದ್ದಾನೆ: ಒಂದು ಪಾಲು ಮರಳಿಗೆ ಎರಡು ಪಾಲು ಬೀಚ್ ಮರದ ಬೂದಿ. ಬೂದಿಯಲ್ಲಿರುವ ಪೊಟ್ಯಾಶ್ ಮರಳಿನ ಕರಗುವ ಉಷ್ಣತೆಯನ್ನು ಇಳಿಸುತ್ತದೆ. ಕೋಬಾಲ್ಟ್ ನೀಲಿಯನ್ನೂ ಮ್ಯಾಂಗನೀಸ್ ನೇರಳೆಯನ್ನೂ ಕೊಡುತ್ತವೆ. ಎಲ್ಲಕ್ಕಿಂತ ಕಷ್ಟದ ಬಣ್ಣ ಕೆಂಪು. ಕುಲುಮೆಯ ಗಾಳಿಯನ್ನು ಹದದಲ್ಲಿಟ್ಟಾಗ ಗಾಜಿನೊಳಗೆ ತಾಮ್ರದ ಅತಿ ಸೂಕ್ಷ್ಮ ಕಣಗಳು ಮೂಡಿ, ನೀಲಿ ಹಸಿರು ಬೆಳಕನ್ನು ಹೀರಿ ಕೆಂಪನ್ನಷ್ಟೇ ಹಾಯಗೊಡುತ್ತವೆ. ಆದರೆ ತಟ್ಟೆಯಲ್ಲಿ ತೆಳುವಾಗಿ ಹರಡಿದಾಗ ಕೆಂಪಗೆ ಕಾಣುವ ಡಿಕಾಕ್ಷನ್ ಲೋಟದಲ್ಲಿ ಕಪ್ಪಾಗುವಂತೆ, ಕೆಲವೇ ಮಿಲಿಮೀಟರ್ ದಪ್ಪದ ತಾಮ್ರಗಾಜು ಬೆಳಕನ್ನೇ ತಡೆದುಬಿಡುತ್ತದೆ. ಹಾಗಾಗಿ ಕುಶಲಕರ್ಮಿಗಳು ಬಣ್ಣವಿಲ್ಲದ ಗಾಜಿನೊಂದಿಗೆ ಕೆಂಪಿನ ತೀರ ತೆಳುವಾದ ಪದರಗಳನ್ನು ಬೆಸೆದರು. ಈ ಕೆಂಪನ್ನು ಚಿನ್ನದ ನ್ಯಾನೊತಂತ್ರಜ್ಞಾನವೆಂದು ಇಂದು ಹೊಗಳುವುದುಂಟಾದರೂ, ಮಧ್ಯಯುಗದ ಚರ್ಚುಗಳ ಕೆಂಪು ಮುಖ್ಯವಾಗಿ ತಾಮ್ರದ್ದು. ಚಿನ್ನದಿಂದ ಕೆಂಪುಗಾಜು ತಯಾರಿಸುವ ಕೆಲಸ ಯುರೋಪಿನಲ್ಲಿ ನೆಲೆಗೊಂಡದ್ದು 17ನೆಯ ಶತಮಾನದ ಕೊನೆಯಲ್ಲಿ. ಕಣ್ಣಳತೆ, ಕೈಹದಗಳಿಂದಲೇ ಸಾಧಿಸಿದ ಈ ವಿದ್ಯೆಗೆ ಎರವಲು ಕೀರ್ತಿಯ ಅಗತ್ಯವಿಲ್ಲ.

1194ರ ಬೆಂಕಿಯ ಬಳಿಕ ಮತ್ತೆ ಕಟ್ಟಿದ ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲ್‌ನಲ್ಲಿ ಈ ಕಲೆಯ ಪೂರ್ಣ ವೈಭವವಿದೆ. ಅಲ್ಲಿನ ಅನೇಕ ಕಿಟಕಿಗಳ ಕೆಳಭಾಗದಲ್ಲಿ ರೊಟ್ಟಿ ಸುಡುವವರು, ಚಮ್ಮಾರರು, ತುಪ್ಪಳದ ವ್ಯಾಪಾರಿಗಳು ತಮ್ಮ ಕೆಲಸದಲ್ಲಿ ತೊಡಗಿದ್ದು, ಸಂತರ ಕಥೆಗಳಿಗೆ ಊರಿನ ದುಡಿಮೆಯೇ ತಳಹದಿಯಾದಂತಿದೆ. ಬೆಂಕಿಗೆ ಮುಂಚಿನ ಮೂರು ಪಶ್ಚಿಮ ಕಿಟಕಿಗಳೂ ಅಲ್ಲಿ ಉಳಿದಿವೆ. ಮರದ ಬೂದಿಯ ಗಾಜನ್ನು ಮಳೆನೀರು ಮತ್ತು ತೇವ ನಿಧಾನವಾಗಿ ಕೊರೆದು ಮಬ್ಬಾಗಿಸುತ್ತವೆ. ಆದರೆ 12ನೆಯ ಶತಮಾನದ ಆ ಕಿಟಕಿಗಳ ಪ್ರಸಿದ್ಧ ನೀಲಿಯಲ್ಲಿ ಪೊಟ್ಯಾಶ್‌ಗಿಂತ ಸೋಡಾದ ಅಂಶ ಹೆಚ್ಚಿರುವುದರಿಂದ, ಅಕ್ಕಪಕ್ಕದ ತುಂಡುಗಳು ಸವೆದರೂ ಅದು ಇನ್ನೂ ತಿಳಿಯಾಗಿ ಉಳಿದಿದೆ.