ಕಡಲಾಚೆಯಿಂದ ಮನೆಯ ಕಾವಲು

ಮನೆ ಊರಿನಲ್ಲಿ, ಮನೆಯ ಯಜಮಾನ ಪರದೇಶದಲ್ಲಿ – ಇದು ನಮ್ಮ ಕರಾವಳಿಗೆ ಹೊಸ ಸಂಗತಿಯೇನಲ್ಲ. ಹಿಂದೆ ಇಂಥ ಮನೆಯ ಕ್ಷೇಮಸಮಾಚಾರ ಕಾಗದದಲ್ಲಿ ಹೋಗುತ್ತಿತ್ತು. ಈಗ ಅಂಗೈಯಗಲದ ಮೊಬೈಲಿನಲ್ಲಿ ಮನೆಯ ಅಂಗಳವೇ ಕಾಣುತ್ತದೆ. ನನ್ನ ಅಣ್ಣ ಕುವೈತಿನಲ್ಲಿದ್ದಾನೆ. ಅವನು ಕುಂದಾಪುರದ ಸಮೀಪ ಕಟ್ಟಿಸಿದ ಮನೆಯಲ್ಲಿ ನಮ್ಮ ತಾಯಿ ಒಬ್ಬರೇ ಇರುತ್ತಾರೆ. ನಾನು ಓದಿನ ನಿಮಿತ್ತ ಹಾಸ್ಟೆಲಿನಲ್ಲಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ಕಾವಲು ಕ್ಯಾಮರಾ ಆರಿಸುವ ಕೆಲಸವೂ ‘ಓದಿದವನು’ ಎಂಬ ಕಾರಣಕ್ಕೆ ನನ್ನ ಪಾಲಿಗೇ ಬಂದಿತು. ಆಗ ತಿಳಿದುಕೊಂಡುದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತೇನೆ. ಇಂಥ ಮನೆಗಳು ಅವರಲ್ಲಿ ಅನೇಕರಿಗೂ ಇವೆ.

ಯಾವ ಕ್ಯಾಮರಾ ಎಂದು ಕೇಳುವ ಮೊದಲು ಏನನ್ನು ನೋಡಬೇಕು ಎಂದು ಕೇಳಿಕೊಳ್ಳಬೇಕು. ಕ್ಯಾಮರಾದ ಚಿತ್ರವು ಚುಕ್ಕೆಗಳಿಂದ ಆದುದು. ಎರಡು ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ ಅಡ್ಡಸಾಲಿಗೆ 1920 ಚುಕ್ಕೆಗಳಿರುತ್ತವೆ. ಅಪರಿಚಿತನ ಮುಖವನ್ನು ಗುರುತಿಸಬೇಕಾದರೆ ದೃಶ್ಯದ ಒಂದೊಂದು ಮೀಟರ್ ಅಗಲಕ್ಕೆ 250 ಚುಕ್ಕೆಗಳು ಬೇಕೆಂದೂ, ಅಲ್ಲಿ ಯಾರೋ ಇದ್ದಾರೆಂಬುದಷ್ಟೇ ತಿಳಿಯಲು 25 ಸಾಕೆಂದೂ 2014ರ ಅಂತರರಾಷ್ಟ್ರೀಯ ಮಾನಕವೊಂದು ಗೊತ್ತುಮಾಡಿತು. 1920ನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ದೃಶ್ಯದ ಅಗಲ ಅದನ್ನು ಮೀರಿದರೆ ಮನುಷ್ಯ ಕಂಡಾನು, ಮುಖದ ಗುರುತು ಸಿಕ್ಕದು. ಆದುದರಿಂದ ಇಡೀ ತೋಟವನ್ನು ಒಂದೇ ಕಣ್ಣಿನಲ್ಲಿ ತುಂಬಿಕೊಳ್ಳಲು ಹೊರಡುವುದಕ್ಕಿಂತ, ಬರುವವನು ಹಾಯ್ದುಬರಲೇಬೇಕಾದ ಇಕ್ಕಟ್ಟಿನ ಸ್ಥಳಗಳನ್ನು ಹಿಡಿಯುವುದು ಮೇಲು. ನಾವು ಗೇಟು, ಮುಂಬಾಗಿಲು, ಹಿತ್ತಿಲ ಬಾಗಿಲು, ಬಾವಿಕಟ್ಟೆಯ ದಾರಿ ಎಂದು ನಾಲ್ಕನ್ನು ಆರಿಸಿಕೊಂಡೆವು.

ಎರಡನೆಯದು ತಂತಿಯ ವಿಚಾರ. ತಂತಿಯಿಲ್ಲದ ಕ್ಯಾಮರಾ ಕೂಡಿಸುವುದು ಸುಲಭ. ಆದರೆ ದಪ್ಪ ಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ. ಹತ್ತಿರವಿದ್ದವರಾದರೆ ಹೋಗಿ ಸರಿಪಡಿಸಿಯಾರು, ಕುವೈತಿನಿಂದ ಬರಲಾದೀತೆ? ಒಂದೇ ತಂತಿಯಲ್ಲಿ ವಿದ್ಯುತ್ತು, ಚಿತ್ರ ಎರಡೂ ಹರಿಯುವ ಏರ್ಪಾಡು 2003ರಿಂದ ಮಾನಕವಾಗಿ ಬಂದಿದೆ. 100 ಮೀಟರ್ ದೂರದವರೆಗೆ ಅದು ಸಲ್ಲುತ್ತದೆ. ಯಜಮಾನ ದೂರವಿರುವ ಮನೆಗೆ ಇದೇ ಒಳ್ಳೆಯದು.

ಮೂರನೆಯದು ಸಂಗ್ರಹ. ಇಲ್ಲಿ ಅಂಗಡಿಯವರ ಮಾತಿಗಿಂತ ಲೆಕ್ಕವನ್ನು ನಂಬಬೇಕು. ಒಂದು ಕ್ಯಾಮರಾ ಸೆಕೆಂಡಿಗೆ ಎರಡು ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 21.6 ಗಿಗಾಬೈಟ್ ಆಗುತ್ತದೆ; ನಾಲ್ಕಕ್ಕೆ 86ರಷ್ಟು. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕು ಹನ್ನೊಂದು ದಿನಗಳಲ್ಲಿ ತುಂಬಿ, ಹಳೆಯದನ್ನು ಅಳಿಸತೊಡಗುತ್ತದೆ. ಅಣ್ಣನಿಗೆ ಬಿಡುವು ಶುಕ್ರವಾರ ಮಾತ್ರ. ಒಂದು ವಾರ ನೋಡಲಾಗದಿದ್ದರೂ ಕಳೆದುಹೋಗಬಾರದೆಂದು ಎರಡು ಟೆರಾಬೈಟಿನದನ್ನೇ ಕೊಂಡೆವು. ರೆಕಾರ್ಡರನ್ನು ಟೀವಿಯ ಕೆಳಗೆ ಇಡುವುದು ವಾಡಿಕೆ. ಕಳ್ಳನಿಗೆ ಸಾಕ್ಷಿಯನ್ನೇ ಹೊತ್ತೊಯ್ಯಲು ಕೊಟ್ಟಂತಾಗುತ್ತದೆ. ಅದು ಒಳಕೋಣೆಯ ಬೀಗದ ಕಪಾಟಿನಲ್ಲಿ, ಗಾಳಿಯಾಡುವಂತೆ ಇರತಕ್ಕದ್ದು.

ಸಂಗ್ರಹ ಮನೆಯಲ್ಲಿಯೇ ಇರುವುದರಿಂದ ಇಂಟರ್‌ನೆಟ್ ಕೆಟ್ಟರೂ ದಾಖಲೆ ಕೆಡುವುದಿಲ್ಲ. ದೂರದಿಂದ ನೋಡುವುದು ಮಾತ್ರ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗುವುದು ದಿನದ ಮಾತು. ಕ್ಯಾಮರಾ, ರೆಕಾರ್ಡರು, ರೌಟರ್ – ಈ ಮೂರೂ ಇನ್ವರ್ಟರಿಗೆ ಸೇರಿರಬೇಕು. ರೌಟರ್ ಒಂದು ಬಿಟ್ಟುಹೋದರೂ ಮನೆಯಲ್ಲಿ ಎಲ್ಲವೂ ನಡೆಯುತ್ತಿರುವಾಗ ಅಣ್ಣನ ಕಣ್ಣಿಗೆ ಕತ್ತಲೆ. ಹೊರಗಿನ ಕ್ಯಾಮರಾದ ಮೇಲೆ ಐಪಿ 66 ಎಂಬ ಗುರುತಿದ್ದರೆ ಧೂಳು, ಬಿರುಸಾದ ನೀರು ಎರಡಕ್ಕೂ ತಡೆಯಿದೆಯೆಂದು ಅರ್ಥ. ರಾತ್ರಿ ಅದರ ಬೆಳಕಿಗೆ ಹುಳಹುಪ್ಪಟೆ ಬರುತ್ತವೆ, ಹುಳಕ್ಕಾಗಿ ಜೇಡ ಬಲೆ ಕಟ್ಟುತ್ತದೆ, ಬಲೆ ಅಲುಗಿದಾಗಲೆಲ್ಲ ಎಚ್ಚರಿಕೆ ಮೊಳಗುತ್ತದೆ. ಹತ್ತು ಸಲ ಸುಳ್ಳು ಎಚ್ಚರಿಕೆ ಕೇಳಿದವನು ಹನ್ನೊಂದನೆಯದನ್ನು ನೋಡುವುದಿಲ್ಲ. ಆದುದರಿಂದ ವಾರಕ್ಕೊಮ್ಮೆ ಪೊರಕೆಯಾಡಿಸುವುದೂ ಈ ಯಂತ್ರದ ಒಂದು ಭಾಗವೆಂದೇ ತಿಳಿಯಬೇಕು.

ಇನ್ನು ಬೇಲಿಯೇ ಎದ್ದು ಹೊಲ ಮೇಯುವ ಸಂಗತಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಜನ ಬದಲಿಸದೆ ಬಿಟ್ಟುದರಿಂದ, 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮು ಲಕ್ಷಾಂತರ ಕ್ಯಾಮರಾ, ರೆಕಾರ್ಡರು ಮೊದಲಾದವುಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಅವುಗಳ ಮೂಲಕವೇ ಅಮೆರಿಕದಲ್ಲಿ ಅನೇಕ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸ್ತಬ್ಧವಾದವು. ನಮ್ಮ ಸರ್ಕಾರವೂ 2024ರಲ್ಲಿ ಕ್ಯಾಮರಾಗಳಿಗೆ ಸುರಕ್ಷತೆಯ ಪರೀಕ್ಷೆಯನ್ನು ವಿಧಿಸುವ ನಿಯಮ ಹೊರಡಿಸಿತು. ಆದರೂ ಪಾಸ್‌ವರ್ಡನ್ನು ಬದಲಿಸಬೇಕಾದವನು ಮನೆಯವನೇ. ಕೂಡಿಸಿಕೊಟ್ಟವನ ಬಳಿ ಅದು ಉಳಿಯದಂತೆ ನೋಡಿಕೊಳ್ಳಬೇಕು.

ನೋಡುವ ಹಕ್ಕಿಗೂ ಎಲ್ಲೆಯುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ನೆರೆಮನೆಯ ಅಂಗಳ ನಮ್ಮ ಕ್ಯಾಮರಾದಲ್ಲಿ ಬೀಳುವಂತಿದ್ದರೆ ಅಷ್ಟು ಭಾಗವನ್ನು ಮರೆಮಾಡುವ ಸೌಕರ್ಯ ರೆಕಾರ್ಡರುಗಳಲ್ಲಿಯೇ ಇರುತ್ತದೆ. ಅದನ್ನು ಬಳಸುವುದು ಸೌಜನ್ಯ. ಮನೆಯೊಳಗೂ ಒಂದಿರಲಿ, ಅಮ್ಮ ಬಿದ್ದರೆ ತಿಳಿಯಬೇಡವೇ, ಎಂಬುದು ಅಣ್ಣನ ವಾದವಾಗಿತ್ತು. ತಾಯಿ ಒಪ್ಪಲಿಲ್ಲ. “ಹೊರಗೆ ಎಷ್ಟು ಬೇಕಾದರೂ ಹಾಕು ಮಗಾ. ನಾನು ಅಡಿಗೆಮನೆಯಲ್ಲಿ ಹೇಗಿರುತ್ತೇನೆಂದು ಕುವೈತಿನಿಂದ ನೋಡುವುದು ಬೇಡ. ದಿನಾ ಫೋನು ಮಾಡಿದರೆ ಸಾಕು” ಎಂದರು. ಅಣ್ಣನ ಭಯ ಸುಳ್ಳಲ್ಲ; ತಾಯಿಯ ಮಾನವೂ ಸುಳ್ಳಲ್ಲ. ಆದರೆ ಆ ಮನೆಯಲ್ಲಿ ಬಾಳುವವರು ಅವರು. ಅವರ ಮಾತೇ ನಡೆಯಿತು. ಅಣ್ಣ ಈಗ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಫೋನು ಮಾಡುತ್ತಾನೆ.

ಕೊನೆಯದಾಗಿ, ಕ್ಯಾಮರಾ ಕಾಣುತ್ತದೆಯೇ ಹೊರತು ಓಡಿಬರುವುದಿಲ್ಲ. ಇಲ್ಲಿ ರಾತ್ರಿ ಎರಡು ಗಂಟೆಯಾದಾಗ ಕುವೈತಿನಲ್ಲಿ ಹನ್ನೊಂದೂವರೆ. ಅಣ್ಣ ಎಚ್ಚರವಿದ್ದು ನೋಡಿದನೆಂದೇ ಇಟ್ಟುಕೊಳ್ಳೋಣ. ಗಾಬರಿಯಲ್ಲಿ 112 ಒತ್ತಿದರೆ ಕರೆ ಹೋಗುವುದು ಕುವೈತಿನ ಪೊಲೀಸರಿಗೆ, ಏಕೆಂದರೆ ಅಲ್ಲಿನ ತುರ್ತು ಸಂಖ್ಯೆಯೂ ಅದೇ. ಆದುದರಿಂದ ನಮ್ಮ ಠಾಣೆಯ ಪೂರ್ಣ ಸಂಖ್ಯೆಯನ್ನು ದೇಶದ ಸಂಖ್ಯೆ 91ರ ಸಮೇತ ಅವನ ಮೊಬೈಲಿನಲ್ಲಿ ಬರೆಸಿದ್ದೇವೆ. ಅದಕ್ಕೂ ಮೇಲಿನ ಸಾಲಿನಲ್ಲಿ ನೆರೆಮನೆಯ ಮಾವನ ಸಂಖ್ಯೆಯಿದೆ. ಬೀಗದ ಇನ್ನೊಂದು ಕೀಲಿಕೈ ಅವರ ಬಳಿಯಿದೆ. ಇಂಥ ಮನೆಗೆ ಕ್ಯಾಮರಾ ಕೊಳ್ಳಹೊರಟವರು, ಕರೆದರೆ ಐದು ನಿಮಿಷದಲ್ಲಿ ಬಾಗಿಲಿಗೆ ಬರುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.